ಪಾರ್ಶ್ವವಾಯುವಿನ ತರುವಾಯ ಹೆಗಲ ನೋವು



ಪಾರ್ಶ್ವವಾಯುವಿನ ಹೆಸರನ್ನು ಕೇಳದ ಮನೆ ಇರಲಾರದು. ಹಳ್ಳಿಗಳಲ್ಲಿ ಇದನ್ನೇ ಲಕ್ವ ಹೊಡೆಯಿತು ಎನ್ನುತ್ತಾರೆ. ರೋಗವು ಬಂದೆರಗಿದ ದಿವಸ ಮನೆಮಂದಿಗೆಲ್ಲ ಪ್ರಾಣದ್ದೇ ಚಿಂತೆ. ಎರಡು ಮೂರು ವಾರಗಳು ಕಳೆದ ಮೇಲೆ ಸೊಟ್ಟಗಾದ ಬಾಯಿ ನೆಟ್ಟಗಾಗುತ್ತ ಬರುತ್ತದೆ. ತೊದಲುತ್ತಿದ್ದ ಮಾತು ತಿಳಿಯಾಗುತ್ತದೆ. ರೋಗಿಯು ಒಬ್ಬರ ಆಸರೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ. ಗಂಡಾಂತರ ಕಳೆಯಿತು, ಇನ್ನು ಹರಕೆ ಒಪ್ಪಿಸಬೇಕು ಎಂದು ಮನೆಯವರು ಮಾತನಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ರಾತ್ರಿಯ ವೇಳೆ ನರಳಾಟ ಮೊದಲಾಗುತ್ತದೆ. ನೋವು ಎಲ್ಲಿ ಎಂದು ಕೇಳಿದರೆ ರೋಗಿಯು ಬಿದ್ದುಹೋದ ಕೈಯ ಕಡೆಯ ಹೆಗಲನ್ನು ತೋರಿಸುತ್ತಾರೆ.

ಅಲುಗಾಡದ ಕೈಗೆ ನೋವೆಲ್ಲಿಂದ ಬಂದೀತು ಎಂದು ಕೇಳುವವರುಂಟು. ಶಕ್ತಿ ಹೋದ ಅಂಗಕ್ಕೆ ಸ್ಪರ್ಶಜ್ಞಾನವೂ ಹೋಗಿರಬೇಕೆಂಬುದು ಜನಸಾಮಾನ್ಯರ ನಂಬಿಕೆ. ಇದು ಯಾವಾಗಲೂ ನಿಜವಲ್ಲ. ಚಲನೆಯನ್ನು ಆಳುವ ಮಿದುಳಿನ ಭಾಗ ಬೇರೆ, ನೋವನ್ನು ಅರಿಯುವ ಭಾಗ ಬೇರೆ. ಮೊದಲನೆಯದು ಕೆಟ್ಟರೂ ಎರಡನೆಯದು ಎಚ್ಚರವಾಗಿಯೇ ಇರಬಹುದು. ಈ ನೋವು ಏತರಿಂದ ಬರುತ್ತದೆ, ಇದಕ್ಕೆ ಈಗ ಹಾಕುತ್ತಿರುವ ಇಂಜೆಕ್ಷನ್ನುಗಳಿಂದ ಎಷ್ಟು ಪ್ರಯೋಜನ, ಎಲ್ಲಿ ಅವುಗಳಿಂದ ಪ್ರಯೋಜನವಿಲ್ಲ ಎಂಬುದನ್ನು ನಾವು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇವೆ.

ಹೆಗಲ ಕೀಲಿನ ರಚನೆಯನ್ನು ಮೊದಲು ನೋಡೋಣ. ತೊಡೆಯ ಮೂಳೆಯ ತಲೆಯು ಸೊಂಟದ ಕುಳಿಯಲ್ಲಿ ಒರಳಿನೊಳಗೆ ಗುಂಡು ಕುಳಿತಂತೆ ಭದ್ರವಾಗಿ ಕುಳಿತಿದೆ. ಹೆಗಲಿನದು ಹಾಗಲ್ಲ. ಅಲ್ಲಿರತಕ್ಕ ಕುಳಿ ಬಹಳ ಆಳವಿಲ್ಲದ್ದು. ತಟ್ಟೆಯ ಮೇಲೆ ನಿಂಬೆಯ ಹಣ್ಣನ್ನಿಟ್ಟ ಹಾಗೆ ತೋಳಿನ ಮೂಳೆಯ ತಲೆ ಅದಕ್ಕೆ ಒರಗಿಕೊಂಡಿದೆ. ನಾವು ತೋಳನ್ನು ಸುತ್ತಲೂ ತಿರುಗಿಸಬಲ್ಲೆವು, ಬೆನ್ನು ಕೆರೆದುಕೊಳ್ಳಬಲ್ಲೆವು, ಅಟ್ಟದ ಮೇಲಿನ ಡಬ್ಬಿಯನ್ನು ತೆಗೆಯಬಲ್ಲೆವು; ಈ ಸೌಕರ್ಯಕ್ಕೆಲ್ಲ ಆ ಕೀಲಿನ ಸಡಿಲತನವೇ ಕಾರಣ. ನಿಂಬೆಯ ಹಣ್ಣು ತಟ್ಟೆಯಿಂದ ಜಾರದ ಹಾಗೆ ಹಿಡಿದಿರುವುದು ಸುತ್ತಲಿನ ಮಾಂಸಖಂಡಗಳೆಂಬ ಹಗ್ಗಗಳು. ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಈ ಹಗ್ಗಗಳು ಸಡಿಲವಾಗುತ್ತವೆ. ಒಂದು ತೋಳಿನ ತೂಕ ದೇಹದ ತೂಕದ ಇಪ್ಪತ್ತನೆಯ ಒಂದು ಪಾಲಿನಷ್ಟು ಎನ್ನಬಹುದು. ೬೦ ಕಿಲೋಗ್ರಾಂ ತೂಗುವವರಿಗೆ ಸುಮಾರು ೩ ಕಿಲೋಗ್ರಾಂ. ರೋಗಿಯನ್ನು ಎಬ್ಬಿಸಿ ಕೂರಿಸಿದ ಕ್ಷಣದಿಂದ ಆ ಭಾರವೆಲ್ಲ ಕೀಲಿನ ಚೀಲವನ್ನೂ ಒಂದೆರಡು ದುರ್ಬಲವಾದ ಕಟ್ಟುಗಳನ್ನೂ ಜಗ್ಗುತ್ತ ನೇತಾಡುತ್ತದೆ. ಹೆಗಲ ತುದಿಯ ಕೆಳಗೆ ಬೆರಳು ಹುದುಗುವಷ್ಟು ಹಳ್ಳ ಬೀಳುವುದನ್ನು ತಾವು ಕಂಡಿರಬಹುದು. ಹಳ್ಳ ಬಿದ್ದವರೆಲ್ಲರಿಗೂ ನೋವಿಲ್ಲ, ನೋವಿರುವವರೆಲ್ಲರಿಗೂ ಹಳ್ಳವಿಲ್ಲ ಎಂಬುದನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇವೆ.

ಕೆಲವು ವಾರಗಳಾದ ಮೇಲೆ ಅನೇಕರಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಬರುತ್ತದೆ. ಸಡಿಲವಾಗಿದ್ದ ಹಗ್ಗಗಳಲ್ಲಿ ಕೆಲವು ಬಿಗಿಯತೊಡಗುತ್ತವೆ. ಎಲ್ಲವೂ ಅಲ್ಲ, ತೋಳನ್ನು ಎದೆಗೆ ಎಳೆದು ಒಳಕ್ಕೆ ತಿರುಚತಕ್ಕವು ಮಾತ್ರ. ಮೊಳಕೈ ಮಡಿಸಿಕೊಂಡು ಮುಷ್ಟಿಯು ಹೊಟ್ಟೆಗೆ ಅಂಟಿಕೊಳ್ಳುತ್ತದೆ. ಹೀಗೆ ತಿಂಗಳುಗಟ್ಟಲೆ ಇದ್ದರೆ ಕೀಲಿನ ಚೀಲವೇ ಸುಕ್ಕಿ ಗಡುಸಾಗುತ್ತದೆ. ನಮ್ಮ ಪ್ರಾಚೀನರಿಗೆ ಈ ವಿಷಯ ತಿಳಿಯದ್ದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವಾಗ ಪಕ್ಷಾಘಾತವನ್ನು ಒಂದು ರೋಗವೆಂದೂ, ಹೆಗಲ ಕಟ್ಟುಗಳು ಒಣಗಿ ತೋಳು ನಿಂತುಹೋಗುವ ಅವಬಾಹುಕವನ್ನು ಮತ್ತೊಂದೆಂದೂ ಬೇರೆಬೇರೆಯಾಗಿ ಹೇಳಿದೆ. ಒಂದೇ ರೋಗಿಯಲ್ಲಿ ಇವೆರಡೂ ಒಂದರ ಬೆನ್ನಿಗೊಂದು ಬರುವುದನ್ನು ನಾವು ದಿನವೂ ನೋಡುತ್ತಿದ್ದೇವೆ.

ಎಷ್ಟು ಮಂದಿಗೆ ಈ ನೋವು ಬರುತ್ತದೆ ಎಂದರೆ, ನೂರಕ್ಕೆ ೫ ಎಂದು ಲೆಕ್ಕ ಕೊಟ್ಟವರಿದ್ದಾರೆ, ೮೪ ಎಂದವರೂ ಇದ್ದಾರೆ. ಇಷ್ಟು ಅಂತರವಿರುವ ಲೆಕ್ಕವನ್ನು ಕೇಳಿದರೆ ತಮಗೆ ನಗು ಬರಬಹುದು. ಯಾವ ತಿಂಗಳಲ್ಲಿ ಕೇಳಿದರು, ಯಾರನ್ನು ಕೇಳಿದರು, ಕೈಯನ್ನು ಎತ್ತಿ ನೋಡಿ ಕೇಳಿದರೋ ಸುಮ್ಮನೆ ಕೇಳಿದರೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಲ್ಲದೆ ಮಾತು ಹೋದವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಬಲಗೈ ಬಿದ್ದವರಲ್ಲಿ ಅನೇಕರಿಗೆ ಮಾತೂ ಕೆಟ್ಟಿರುತ್ತದೆ. ಅವರ ನೋವನ್ನು ಮುಖದಲ್ಲಿ ಓದಿಕೊಳ್ಳಬೇಕು.

ಹೀಗೆ ಓದಿಕೊಳ್ಳದೆ ನಾವೇ ತಪ್ಪಿದ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮಲ್ಲಿಗೆ ಒಬ್ಬ ನಿವೃತ್ತ ಉಪಾಧ್ಯಾಯರನ್ನು ಅವರ ಮಗ ಮತ್ತು ಸೊಸೆ ಕರೆತಂದರು. ಬಲಭಾಗ ಬಿದ್ದು ಮೂರು ತಿಂಗಳಾಗಿತ್ತು. ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದ ಆ ಬಾಯಿಯಲ್ಲಿ ಉಳಿದಿದ್ದುದು "ಬೇಡ" ಎಂಬ ಒಂದೇ ಮಾತು. ಊಟಕ್ಕೂ ಬೇಡ, ಸ್ನಾನಕ್ಕೂ ಬೇಡ, ಕೈಗೆ ವ್ಯಾಯಾಮ ಮಾಡಿಸಲು ಹೋದರಂತೂ ಬೇಡವೇ ಬೇಡ. "ಅಪ್ಪನವರಿಗೆ ಮೊದಲಿಂದಲೂ ಹಟ ಜಾಸ್ತಿ, ಸ್ವಾಮಿ" ಎಂದು ಮಗನು ಹೇಳಿದನು. ಸೊಸೆಯು ಬಾಗಿಲ ಬಳಿ ನಿಂತಿದ್ದವಳು, "ಹಟವಲ್ಲ, ಮಾವನವರಿಗೆ ಅಂಗಿ ತೊಡಿಸುವಾಗ ಕಣ್ಣಲ್ಲಿ ನೀರು ಬರುತ್ತದೆ" ಎಂದಳು. ನಾವು ಹೆಗಲನ್ನು ಒಂದು ಸಲ ಒತ್ತಿ ನೋಡಿ, ಕೀಲಿನೊಳಕ್ಕೆ ಇಂಜೆಕ್ಷನ್ ಹಾಕಿದೆವು. ನಾಲ್ಕು ದಿನ ಸ್ವಲ್ಪ ಸುಖವಾಯಿತು. ಐದನೆಯ ದಿನ ಮೊದಲಿನಂತೆಯೇ. ಕೆಲವು ವಾರಗಳ ಮೇಲೆ ಇನ್ನೊಂದನ್ನು ಹಾಕಿದೆವು. ನೋವು ಇಳಿಯಲಿಲ್ಲ, ಅವರಿಗೆ ಸಕ್ಕರೆ ಕಾಯಿಲೆಯಿದ್ದುದರಿಂದ ರಕ್ತದ ಸಕ್ಕರೆ ಮಾತ್ರ ೩೦೦ನ್ನು ದಾಟಿತು. ಈ ಕಥೆಯ ಉಳಿದ ಭಾಗಕ್ಕೆ ಮತ್ತೆ ಬರುತ್ತೇವೆ.

ನಮ್ಮ ದೇಶದಲ್ಲಿ ಸೂಜಿಯ ಮೇಲೆ ಜನರಿಗೆ ಇರುವ ಭಕ್ತಿ ಬಹಳ ದೊಡ್ಡದು. ಚೀಟಿ ಬರೆದುಕೊಟ್ಟು ಬುದ್ಧಿ ಹೇಳಿ ಕಳುಹಿಸಿದ ಡಾಕ್ಟರು ಡಾಕ್ಟರೇ ಅಲ್ಲ; ಸೂಜಿ ಚುಚ್ಚಿದವರೇ ಧನ್ವಂತರಿ. ಈ ಭಕ್ತಿಯಿಂದ ರೋಗಿಯೂ ಕೆಡುತ್ತಾನೆ, ನಮ್ಮಂಥವರೂ ಕೆಡುತ್ತೇವೆ. ಹೆಗಲ ನೋವಿಗೆ ಹಾಕತಕ್ಕ ಇಂಜೆಕ್ಷನ್ ಒಂದೇ ಅಲ್ಲ, ಮುಖ್ಯವಾಗಿ ಮೂರು ಬಗೆ. ಒಂದು ಕೀಲಿಗೆ, ಒಂದು ನರಕ್ಕೆ, ಒಂದು ಮಾಂಸಖಂಡಕ್ಕೆ. ಯಾವುದು ಯಾರಿಗೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಕೀಲಿಗೆ ಹಾಕುವುದು ಸ್ಟೀರಾಯ್ಡ್ ಎಂಬ ಜಾತಿಯ ಔಷಧ. ೧೯೪೮ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನನ್ನು ಕೊಟ್ಟು ಕೆಲವೇ ದಿನಗಳಲ್ಲಿ ನಡೆದಾಡಿಸಿದರು. ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಈ ಮೂವರಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮರುವರ್ಷವೇ ಹಾಲಂಡರ್ ಎಂಬುವರು ಈ ಜಾತಿಯ ಔಷಧವನ್ನು ನೇರವಾಗಿ ಕೀಲಿನೊಳಕ್ಕೆ ಹಾಕುವ ಕ್ರಮವನ್ನು ಪ್ರಕಟಿಸಿದರು. ಇದರ ಗುಣವೇನೆಂದರೆ ಉರಿಯೂತವನ್ನು, ಎಂದರೆ ಊದಿ ಕೆಂಪಾಗಿ ಬಿಸಿಯೇರಿ ನೋಯುವುದನ್ನು, ಶಮನ ಮಾಡುವುದು. ಉರಿಯೂತವೇ ಇಲ್ಲದ ಕಡೆ ಇದಕ್ಕೆ ಮಾಡಲು ಕೆಲಸವಿಲ್ಲ. ೨೦೦೦ದಲ್ಲಿ ಹಾಲೆಂಡಿನಲ್ಲಿ ಪಾರ್ಶ್ವವಾಯುವಿನ ತರುವಾಯ ಹೆಗಲ ನೋವಿದ್ದ ೩೭ ಮಂದಿಯಲ್ಲಿ ಕೆಲವರಿಗೆ ಈ ಔಷಧವನ್ನೂ ಕೆಲವರಿಗೆ ಬರಿಯ ನೀರಿನಂಥ ದ್ರವವನ್ನೂ ಹಾಕಿ ಪರೀಕ್ಷಿಸಿದರು. ಔಷಧ ಪಡೆದವರಿಗೆ ನೋವು ತುಸು ಹೆಚ್ಚಾಗಿಯೇ ಇಳಿದರೂ ಅದು ಔಷಧದಿಂದಲೇ ಇಳಿಯಿತೆಂದು ಖಂಡಿತವಾಗಿ ಹೇಳುವುದಕ್ಕಾಗಲಿಲ್ಲ. ೨೦೧೨ರಲ್ಲಿ ಕೊರಿಯಾ ದೇಶದ ವೈದ್ಯರು ಬೇರೆ ದಾರಿ ಹಿಡಿದರು. ಹೆಗಲನ್ನು ಸುತ್ತುವ ಮಾಂಸಖಂಡಗಳ ಸ್ನಾಯುರಜ್ಜುಗಳಲ್ಲಿ ಕೆಡುಕಿದೆಯೆಂದು ಗೊತ್ತಾದ ೫೮ ಮಂದಿಯನ್ನೇ ಆರಿಸಿಕೊಂಡು, ಆ ಸ್ನಾಯುರಜ್ಜುಗಳ ಮೇಲಣ ಸಂದಿಗೆ ಇಂಜೆಕ್ಷನ್ ಹಾಕಿದರು. ಅವರಲ್ಲಿ ಎಂಟು ವಾರಗಳವರೆಗೂ ಗುಣ ನಿಂತಿತು. ಔಷಧ ಒಂದೇ ಜಾತಿಯದು. ಆಯ್ಕೆ ಬೇರೆ, ಹಾಕಿದ ಸ್ಥಳ ಬೇರೆ.

ಎರಡನೆಯದು ನರಕ್ಕೆ ಹಾಕುವುದು. ಹೆಗಲ ಹಿಂಬದಿಯ ಹಲಗೆಮೂಳೆಯ ಮೇಲಂಚಿನಲ್ಲಿ ಒಂದು ಸಣ್ಣ ಕಚ್ಚು ಇದೆ. ಅದರ ಮೂಲಕ ಹಾದುಹೋಗತಕ್ಕ ಒಂದು ನರವು ಹೆಗಲ ಕೀಲಿನ ನೋವಿನ ಸುದ್ದಿಯಲ್ಲಿ ಹೆಚ್ಚಿನ ಪಾಲನ್ನು ಮಿದುಳಿಗೆ ಒಯ್ಯುತ್ತದೆ. ಅಂಚೆಯವನನ್ನೇ ದಾರಿಯಲ್ಲಿ ತಡೆದು ನಿಲ್ಲಿಸಿದ ಹಾಗೆ ಆ ನರದ ಬಳಿ ಮರಗಟ್ಟಿಸುವ ಔಷಧವನ್ನು ಬಿಡುತ್ತಾರೆ. ೧೯೪೧ರಲ್ಲಿಯೇ ವರ್ತ್‌ಹೈಮ್ ಮತ್ತು ರೋವೆನ್‌ಸ್ಟೈನ್ ಎಂಬುವರು ಇದನ್ನು ವರ್ಣಿಸಿ ಬರೆದಿದ್ದರು. ಪಾರ್ಶ್ವವಾಯುವಿನ ರೋಗಿಗಳಲ್ಲಿ ಇದರ ಬಲವಾದ ಪರೀಕ್ಷೆ ನಡೆದದ್ದು ಬಹಳ ಕಾಲದ ಮೇಲೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ೬೪ ಮಂದಿಯ ಮೇಲೆ ಮಾಡಿ ೨೦೧೩ರಲ್ಲಿ ಪ್ರಕಟಿಸಿದ ಆ ಪರೀಕ್ಷೆಯಲ್ಲಿ ನಿಜವಾದ ಔಷಧ ಪಡೆದವರ ನೋವು ಒಂದು ವಾರಕ್ಕೂ ನಾಲ್ಕು ವಾರಕ್ಕೂ ಹನ್ನೆರಡು ವಾರಕ್ಕೂ ಇತರರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಕೈಯ ಕೆಲಸದಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂಜೆಕ್ಷನ್ನಿನಿಂದ ಬಿದ್ದ ಕೈ ಏಳುವುದಿಲ್ಲ. ನೋವು ಇಳಿಯುತ್ತದೆ, ಅಷ್ಟೆ.

ಮೂರನೆಯದರ ಚರಿತ್ರೆ ಸ್ವಾರಸ್ಯವಾದದ್ದು. ೧೮೯೫ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಎಲ್‌ಸೆಲ್ ಎಂಬ ಹಳ್ಳಿಯಲ್ಲಿ ಒಂದು ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಊಟದಲ್ಲಿ ಕೆಟ್ಟುಹೋದ ಉಪ್ಪುಮಾಂಸವನ್ನು ತಿಂದರು. ಅವರಿಗೆ ಕಣ್ಣುರೆಪ್ಪೆ ಜೋತುಬಿದ್ದು ನುಂಗುವುದಕ್ಕಾಗದೆ ಹೋಯಿತು, ಮೂವರು ಸತ್ತರು. ಫಾನ್ ಎರ್ಮೆಂಗೆಮ್ ಎಂಬ ವಿದ್ವಾಂಸರು ಆ ಮಾಂಸದಿಂದಲೇ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಆ ಜೀವಿಯ ವಿಷವು ನರದ ತುದಿಯಿಂದ ಮಾಂಸಖಂಡಕ್ಕೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆ. ಪ್ರಾಣ ತೆಗೆದ ಆ ವಿಷವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಬಿಗಿದ ಮಾಂಸಖಂಡಕ್ಕೆ ಹಾಕಿದರೆ ಅದಷ್ಟೇ ಸಡಿಲವಾಗಬಾರದೇಕೆ ಎಂದು ಯೋಚಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಆಲನ್ ಸ್ಕಾಟ್. ಅವರು ಅದನ್ನು ಮೆಳ್ಳೆಗಣ್ಣಿಗೆ ಉಪಯೋಗಿಸಿದರು. ೧೯೮೯ರಲ್ಲಿ ಅಮೆರಿಕದ ಸರ್ಕಾರದ ಒಪ್ಪಿಗೆ ಸಿಕ್ಕಿತು. ಬೊಟುಲಿನಂ ಎಂಬ ಹೆಸರಿನ ಈ ಔಷಧವನ್ನು ತೋಳನ್ನು ಎದೆಗೆ ಎಳೆಯುವ ಮಾಂಸಖಂಡಗಳಿಗೆ ಹಾಕುತ್ತಾರೆ. ಪರಿಣಾಮ ತೋರುವುದಕ್ಕೆ ಕೆಲವು ದಿನ ಬೇಕು. ಸುಮಾರು ಮೂರು ತಿಂಗಳು ಸಡಿಲತೆ ಇರುತ್ತದೆ. ೨೦೧೦ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಪಾರ್ಶ್ವವಾಯುವಿನ ಹೆಗಲ ನೋವಿನ ಐದು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ಮೂರರಿಂದ ಆರು ತಿಂಗಳ ಹೊತ್ತಿಗೆ ನೋವು ಕಡಿಮೆಯಾಗಿತ್ತು, ಒಂದು ತಿಂಗಳಿಗೆ ಆಗಿರಲಿಲ್ಲ. ಪರೀಕ್ಷೆಗೊಳಗಾದವರ ಸಂಖ್ಯೆ ಅಲ್ಪ. ಔಷಧದ ಬೆಲೆಯೋ, ಬಡವರು ಕೇಳಿ ಎದ್ದುಹೋಗುವಂಥದು.

ಈಗ ಉಪಾಧ್ಯಾಯರ ಕಥೆಗೆ ಬರೋಣ. ಎರಡನೆಯ ಇಂಜೆಕ್ಷನ್ನೂ ವ್ಯರ್ಥವಾದ ಮೇಲೆ, ಫಿಸಿಯೋಥೆರಪಿ ಕಲಿತು ನಮ್ಮಲ್ಲಿ ಕೆಲಸಕ್ಕೆ ಬಂದಿದ್ದ ತರುಣಿಯೊಬ್ಬಳು ಅವರ ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಮೆಲ್ಲನೆ ಹೊರಕ್ಕೆ ತಿರುಗಿಸಿದಳು. ಅದು ಬಿಲ್ಲಿನ ಹಾಗೆ ಹಿಂದಕ್ಕೆ ಸೆಳೆಯಿತು, ಮುಖ ಕಿವುಚಿತು. ಬಹಳ ನಿಧಾನವಾಗಿ ತಿರುಗಿಸಿದರೆ ಇನ್ನಷ್ಟು ದೂರ ಹೋಗುತ್ತಿತ್ತು. "ಇದು ಗಡುಸಾದ ಕೀಲಲ್ಲ ಸಾರ್, ಸ್ನಾಯು ಎಳೆಯುತ್ತಿದೆ" ಎಂದಳು. ಕೀಲಿನ ಚೀಲವೇ ಗಡುಸಾಗಿದ್ದರೆ ನಿಧಾನ ಮಾಡಿದರೂ ಒಂದೇ ಕಡೆ ಗೋಡೆಗೆ ತಾಗಿದಂತೆ ನಿಲ್ಲುತ್ತಿತ್ತು. ಎರಡು ನಿಮಿಷದ ಈ ಪರೀಕ್ಷೆಯನ್ನು ನಾವು ಮೊದಲ ದಿನವೇ ಮಾಡಿದ್ದರೆ ಆ ವೃದ್ಧರಿಗೆ ಎರಡು ಸೂಜಿಯೂ ಎರಡು ತಿಂಗಳ ನಿದ್ರೆಯೂ ಉಳಿಯುತ್ತಿತ್ತು. ಆಕೆಯೇ ಮಗನನ್ನು ಕರೆದು, ಅಪ್ಪನವರನ್ನು ಹಾಸಿಗೆಯಿಂದ ಹೇಗೆ ಎಬ್ಬಿಸುತ್ತೀರಿ, ಮಾಡಿ ತೋರಿಸಿ ಎಂದಳು. ಆತನು ಪ್ರೀತಿಯಿಂದಲೇ ಬಿದ್ದ ಕೈಯನ್ನು ಎರಡೂ ಕೈಗಳಿಂದ ಹಿಡಿದು ಬಾವಿಯಿಂದ ಹಗ್ಗ ಸೇದುವಂತೆ ಸೇದಿದನು. ಪ್ರತಿದಿನ ಐದಾರು ಸಲ, ಮೂರು ತಿಂಗಳಿಂದ.

ಇದೇ ಜಾತಿಯ ಇನ್ನೊಂದು ಉಪಕಾರವೆಂದರೆ ತೊಲೆಗೆ ರಾಟೆ ಕಟ್ಟಿ, ಒಳ್ಳೆಯ ಕೈಯಿಂದ ಹಗ್ಗವೆಳೆದು ಬಿದ್ದ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸುವ ವ್ಯಾಯಾಮ. ೧೯೯೦ರಲ್ಲಿ ಅಮೆರಿಕದಲ್ಲಿ ೨೮ ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದಾಗ, ತಿಳಿದವರು ಕೈಯಿಂದ ಮೆಲ್ಲನೆ ಚಲನೆ ಮಾಡಿಸಿದ ಗುಂಪಿನಲ್ಲಿ ನೂರಕ್ಕೆ ೮ರಂತೆ ನೋವು ಬಂದರೆ, ರಾಟೆಯ ಗುಂಪಿನಲ್ಲಿ ನೂರಕ್ಕೆ ೬೨ರಂತೆ ಬಂದಿತು. ಸಣ್ಣ ಪರೀಕ್ಷೆಯೇ ಸರಿ. ಆದರೂ ತಮ್ಮ ಮನೆಯ ತೊಲೆಯಲ್ಲಿ ರಾಟೆಯಿದ್ದರೆ ಅದನ್ನು ಬಿಚ್ಚಿ ಬಾವಿಗೆ ಹಾಕಿಕೊಳ್ಳುವುದು ಲೇಸು. ಎಣ್ಣೆ ನೀವುವುದರಲ್ಲಿ ನಮಗೆ ಆಕ್ಷೇಪವಿಲ್ಲ. ನೀವುತ್ತ ನೀವುತ್ತ ಕೀಲನ್ನು ಲಟಕ್ಕನೆ ಎಳೆದು ಕೂರಿಸುತ್ತೇನೆಂದು ಹೊರಡುವವರಲ್ಲಿ ಇದೆ.

ನೋವಿನ ಕಾರಣ ಹೆಗಲೇ ಅಲ್ಲದಿರುವುದೂ ಉಂಟು. ಹೆಗಲಿನೊಡನೆ ಅಂಗೈ ಬೆರಳುಗಳೂ ಊದಿ ಬಿಸಿಯಾಗಿ, ಬಣ್ಣ ತಿರುಗಿ, ಮುಟ್ಟಗೊಡದಿದ್ದರೆ ಅದು ಬೇರೆ ಉಪಚಾರವನ್ನು ಬೇಡತಕ್ಕ ರೋಗ. ಮುಖ, ತೋಳು, ಕಾಲು ಎನ್ನದೆ ಆ ಪಾರ್ಶ್ವವೆಲ್ಲ ಉರಿಯುತ್ತಿದ್ದರೆ, ಗಾಳಿ ತಾಗಿದರೂ ಚುರುಗುಟ್ಟಿದರೆ, ನೋವು ಮಿದುಳಿನಲ್ಲಿಯೇ ಹುಟ್ಟುತ್ತಿದೆ. ಹೆಗಲಿಗೆ ಎಷ್ಟು ಸೂಜಿ ಚುಚ್ಚಿದರೂ ಅದು ಆರುವುದಿಲ್ಲ; ಅದಕ್ಕೆ ನುಂಗುವ ಮಾತ್ರೆಗಳೇ ಬೇರೆ ಇವೆ.

ಇಂಜೆಕ್ಷನ್ ಹಾಕಿಸಲು ಹೋಗುವವರು ಡಾಕ್ಟರಿಗೆ ಕೆಲವು ಸಂಗತಿಗಳನ್ನು ತಾವಾಗಿಯೇ ಹೇಳಬೇಕು. ಸಕ್ಕರೆ ಕಾಯಿಲೆಯಿದ್ದರೆ ಸ್ಟೀರಾಯ್ಡ್ ಹಾಕಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಪರೀಕ್ಷೆ ಮಾಡಿಸುತ್ತಿರಬೇಕು. ಜ್ವರವಾಗಲಿ ಹೆಗಲ ಚರ್ಮದ ಮೇಲೆ ಹುಣ್ಣಾಗಲಿ ಇದ್ದರೆ ಆ ದಿವಸ ಸೂಜಿ ಬೇಡ. ಪಾರ್ಶ್ವವಾಯು ಬಂದವರಲ್ಲಿ ಅನೇಕರು ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗುತ್ತಿರುತ್ತಾರೆ. ಅದನ್ನು ತಪ್ಪದೆ ತಿಳಿಸಬೇಕು. ಸೂಜಿ ಹಾಕಿಸಬೇಕೆಂದು ತಾವೇ ಆ ಮಾತ್ರೆಯನ್ನು ನಿಲ್ಲಿಸಿಬಿಡುವುದು ಮಾತ್ರ ಮಹಾ ಅಪಾಯ. ಹೆಗಲ ನೋವನ್ನು ಕಳೆಯಲು ಹೋಗಿ ಎರಡನೆಯ ಪಾರ್ಶ್ವವಾಯುವನ್ನು ಮನೆಗೆ ಕರೆದ ಹಾಗಾಗುತ್ತದೆ. ಹಾಕಿಸಿದ ಮೇಲೆ ಜ್ವರ ಬಂದು ಹೆಗಲು ಕೆಂಪಾಗಿ ಊದಿಕೊಂಡರೆ ಒಂದು ದಿನವೂ ತಡೆಯದೆ ಹಿಂತಿರುಗಬೇಕು. ಒಮ್ಮೆ ಗುಣ ಕಂಡಿತೆಂದು ತಿಂಗಳು ತಿಂಗಳೂ ಸ್ಟೀರಾಯ್ಡ್ ಹಾಕಿಸತಕ್ಕದ್ದಲ್ಲ. ಅದರಿಂದ ಸ್ನಾಯುರಜ್ಜುಗಳು ಶಿಥಿಲವಾಗುತ್ತವೆ.

ನೋವಿಳಿದ ವಾರಗಳಲ್ಲಿ ಏನು ಮಾಡಬೇಕು? ಸಾಮಾನ್ಯವಾಗಿ ನೋವಿಳಿದ ಕೂಡಲೇ ಮನೆಯವರು ಕೈಯನ್ನು ಮರೆತುಬಿಡುತ್ತಾರೆ. ಅದೇ ಕೈಗೆ ಚಲನೆ ಕೊಡಬೇಕಾದ ಕಾಲ. ತಿಳಿದವರಿಂದ ಕಲಿತು, ನೋವಿನ ಗಡಿಯನ್ನು ದಾಟದೆ, ದಿನಕ್ಕೆ ಒಂದೆರಡು ಬಾರಿ ತೋಳನ್ನು ಹೊರಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಬೇಕು. ಕೂರಿಸಿದಾಗ ಕೈ ಜೋತುಬೀಳದಂತೆ ಮಡಿಲಿನಲ್ಲಿ ದಿಂಬನ್ನೋ ಕುರ್ಚಿಗೆ ಅಡ್ಡಹಲಗೆಯನ್ನೋ ಇಟ್ಟು ಮೊಳಕೈಗೆ ಆಸರೆ ಕೊಡಬೇಕು. ಒಳ್ಳೆಯ ಮಗ್ಗುಲಿಗೆ ಮಲಗಿಸಿದಾಗ ಬಿದ್ದ ಕೈ ಹಿಂದಕ್ಕೆ ಸಿಕ್ಕಿಕೊಳ್ಳದೆ ಎದೆಯ ಮುಂದಿನ ದಿಂಬಿನ ಮೇಲಿರಬೇಕು. ಎಬ್ಬಿಸುವಾಗ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿಯದೆ ಬೆನ್ನಿನ ಹಲಗೆಮೂಳೆಯ ಹಿಂದೆ ಅಂಗೈಯನ್ನಿಟ್ಟು ಮೈಯನ್ನು ಎತ್ತಬೇಕು. ಅಂಗಿ ತೊಡಿಸುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಇವೆಲ್ಲ ಮನೆಯ ಹೆಂಗಸರಿಗೆ ಒಂದು ಸಲ ತೋರಿಸಿದರೆ ಸಾಕು, ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಉಪಾಧ್ಯಾಯರಿಗೆ ಮೂರನೆಯ ಬಗೆಯ ಇಂಜೆಕ್ಷನ್ನನ್ನು ಬಿಗಿದ ಮಾಂಸಖಂಡಗಳಿಗೆ ಹಾಕಲಾಯಿತು. ಹಣಕ್ಕಾಗಿ ಮಗನು ಒಂದು ಹಸುವನ್ನು ಮಾರಿದನೆಂದು ಅನಂತರ ತಿಳಿಯಿತು. ಮೊದಲೇ ತಿಳಿದಿದ್ದರೆ ನರಕ್ಕೆ ಹಾಕುವ ಅಗ್ಗದ ಇಂಜೆಕ್ಷನ್ನನ್ನು ಮೊದಲು ಪ್ರಯತ್ನಿಸೋಣವೆಂದು ಹೇಳುತ್ತಿದ್ದೆವೋ ಏನೋ. ಮೊದಲ ತಿಂಗಳಲ್ಲಿ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ಎರಡನೆಯ ತಿಂಗಳಲ್ಲಿ ಅಂಗಿ ತೊಡಿಸುವಾಗ ಕಣ್ಣೀರು ನಿಂತಿತೆಂದು ಸೊಸೆಯು ಹೇಳಿಕಳುಹಿಸಿದಳು. ಬಲಗೈಗೆ ಶಕ್ತಿ ಬರಲಿಲ್ಲ. ಮಾತೂ ಹೆಚ್ಚಾಗಿ ಬರಲಿಲ್ಲ. ನಾವು ಕಡೆಯ ಸಲ ಅವರ ಮನೆಗೆ ಹೋದಾಗ ಅವರು ಜಗುಲಿಯ ಮೇಲೆ ಮೇಜನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ಕಾಗದದ ಮೇಲೆ, ಅದು ಗಾಳಿಗೆ ಹಾರದ ಹಾಗೆ, ಭಾರವಾಗಿ ಇಟ್ಟುಕೊಂಡು, ಮೊಮ್ಮಗಳು ನೋಡುತ್ತಿದ್ದಂತೆ ಎಡಗೈಯಲ್ಲಿ ಸೀಸದಕಡ್ಡಿ ಹಿಡಿದು ಅ ಆ ತಿದ್ದುತ್ತಿದ್ದರು.